ಬಯಲ ಬದುಕನ್ನು ಬೆಳಕಿನಲ್ಲಿ ಬರೆದಿಟ್ಟ ಎವೆಲಿನ್ ಕ್ಯಾಮೆರಾನ್

ಕಾಯಕಕ್ಕೆ ಮೇಲುಕೀಳಿಲ್ಲ, ಗಂಡುಹೆಣ್ಣೆಂಬ ಭೇದವೂ ಇಲ್ಲ ಎಂಬುದನ್ನು ಹನ್ನೆರಡನೆಯ ಶತಮಾನದಲ್ಲಿಯೇ ಕಲ್ಯಾಣದ ಶರಣರು ಬಾಳಿ ತೋರಿಸಿದರು. ಪತಿಗೆ ಕಾಯಕದ ಮರ್ಮವನ್ನು ನೆನಪಿಸಿದ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ನಮ್ಮ ಮನೆಗಳಲ್ಲಿ ಮಕ್ಕಳೂ ಬಲ್ಲರು. ಆ ತತ್ತ್ವವನ್ನು ಕೇಳಿಯೇ ಅರಿಯದ, ನಮ್ಮಿಂದ ಸಾವಿರಾರು ಮೈಲಿ ದೂರದ ನಾಡಿನಲ್ಲಿ ಒಬ್ಬ ಹೆಣ್ಣುಮಗಳು ದುಡಿಮೆಯನ್ನೇ ಬಾಳಿನ ಆನಂದವೆಂದು ಬಗೆದು, ಮೂವತ್ತನಾಲ್ಕು ವರ್ಷಗಳ ಕಾಲ ಒಂದು ಕ್ಯಾಮೆರಾವನ್ನು ಕುದುರೆಯ ಮೇಲೆ ಹೊತ್ತು ತಿರುಗಿದ ವೃತ್ತಾಂತವನ್ನು ಈ ತಿಂಗಳು ನಮ್ಮ ಓದುಗ ಬಂಧುಗಳ ಮುಂದಿಡಲು ಬಯಸುತ್ತೇವೆ. ಅವರ ಹೆಸರು ಎವೆಲಿನ್ ಕ್ಯಾಮೆರಾನ್. ಊರು ಅಮೇರಿಕಾದ ಮೊಂಟಾನಾ ರಾಜ್ಯದ ಟೆರ್ರಿ. ಕ್ಯಾಮೆರಾನ್ ಎಂಬುದು ಅವರ ಪತಿಯ ಮನೆತನದ ಹೆಸರು. ಅದು ಕ್ಯಾಮೆರಾದ ನೆನಪು ತರುವುದು ಕೇವಲ ಆಕಸ್ಮಿಕ. ಆದರೆ ಆ ಆಕಸ್ಮಿಕವನ್ನು ಅವರು ಸಾರ್ಥಕಗೊಳಿಸಿದರು.

ಸಿರಿವಂತರ ಮಗಳು, ಬಯಲಿನ ಸೊಸೆ

ಎವೆಲಿನ್ ಹುಟ್ಟಿದ್ದು 1868ರಲ್ಲಿ, ಇಂಗ್ಲೆಂಡಿನ ಲಂಡನ್ ನಗರದ ಹೊರವಲಯದಲ್ಲಿ. ತಂದೆ ಸಿರಿವಂತ ವರ್ತಕರು. ದೊಡ್ಡ ಬಂಗಲೆ, ಕೈಗೊಬ್ಬ ಕಾಲಿಗೊಬ್ಬ ಸೇವಕರು, ಕುದುರೆ ಸವಾರಿ, ಬೇಟೆ, ಇವೇ ಅಂದಿನ ಆ ವರ್ಗದ ಜನರ ದಿನಚರಿ. ಇಂಥ ಮನೆಯ ಮಗಳು ತನಗಿಂತ ಸುಮಾರು ಹದಿನಾಲ್ಕು ವರ್ಷ ಹಿರಿಯರಾದ, ಸ್ಕಾಟ್ಲೆಂಡಿನ ಇವೆನ್ ಕ್ಯಾಮೆರಾನ್ ಎಂಬುವರನ್ನು ವರಿಸಿದಾಗ ಮನೆಯವರಿಗೆ ಅದು ಹಿಡಿಸಲಿಲ್ಲ. ಇವೆನ್ ಅವರಿಗೆ ಹಣಕ್ಕಿಂತ ಹಕ್ಕಿಗಳ ಮೇಲೆಯೇ ಹೆಚ್ಚು ಆಸಕ್ತಿ.

1889ರಲ್ಲಿ ಈ ನವದಂಪತಿಗಳು ವಿಹಾರಕ್ಕೆಂದು ಮೊಂಟಾನಾಕ್ಕೆ ಬಂದರು. ಅದೇ ವರ್ಷ ಆ ಪ್ರಾಂತವು ಅಮೇರಿಕಾದ ಪೂರ್ಣ ರಾಜ್ಯವೆಂಬ ಮಾನ್ಯತೆ ಪಡೆಯಿತು. ಯೆಲ್ಲೋಸ್ಟೋನ್ ಮತ್ತು ಪೌಡರ್ ನದಿಗಳ ಸೀಮೆ ಅದು. ಕಣ್ಣು ಹಾಯಿಸಿದಷ್ಟು ದೂರ ಹುಲ್ಲುಗಾವಲು. ನಡುನಡುವೆ ಗಾಳಿಮಳೆಗಳು ಕೊರೆದು ವಿಚಿತ್ರಾಕಾರ ತಾಳಿದ ಬೋಳು ದಿಬ್ಬಗಳು. ಈ ದಿಬ್ಬಗಳ ನಾಡನ್ನು ಅಲ್ಲಿಯವರು 'ಕೆಟ್ಟ ನೆಲ' ಎಂದೇ ಕರೆಯುತ್ತಾರೆ. ಆ ಕೆಟ್ಟ ನೆಲವೇ ಎವೆಲಿನ್ ಅವರ ಮನಸ್ಸನ್ನು ಸೆರೆಹಿಡಿಯಿತು. ಕೆಲವೇ ವರ್ಷಗಳಲ್ಲಿ ಅವರು ಇಂಗ್ಲೆಂಡನ್ನು ಬಿಟ್ಟು ಅಲ್ಲಿಯೇ ನೆಲೆಸಿದರು.

ಇಲ್ಲೊಂದು ಸತ್ಯವನ್ನು ಮರೆಮಾಚುವುದು ಸರಿಯಲ್ಲ. ಆ ದಂಪತಿಗಳು ಮೊದಲು ಅಲ್ಲಿಗೆ ಬಂದದ್ದು ಬೇಟೆಗಾಗಿ. ಬಂದೂಕು ಹಿಡಿಯಲು ಎವೆಲಿನ್ ಅವರಿಗೂ ಬರುತ್ತಿತ್ತು. ಜೀವದಯೆಯನ್ನು ಧರ್ಮದ ಬೇರೆಂದು ನಂಬಿದ ನಮಗೆ ಇದು ಕಹಿಯೆನಿಸುವುದು ಸಹಜ. ಆದರೆ ಮನುಷ್ಯನ ದೃಷ್ಟಿಯು ಬಾಳಿನ ಹಾದಿಯಲ್ಲಿ ಹೇಗೆ ತಿರುಗಬಲ್ಲುದೆಂಬುದಕ್ಕೂ ಅವರ ಜೀವನವೇ ನಿದರ್ಶನ. ಪ್ರಾಣಿಯನ್ನು ಗುರಿಯಾಗಿ ಕಂಡಿದ್ದ ಕಣ್ಣುಗಳು ಮುಂದೆ ಅದರ ಗೂಡು, ಮರಿ, ನಡೆನುಡಿಗಳನ್ನು ಗಂಟೆಗಟ್ಟಲೆ ಕಾದು ನೋಡುವ ಕಣ್ಣುಗಳಾದವು.

ಬಡತನವೇ ಗುರುವಾದಾಗ

ಪೋಲೋ ಆಟಕ್ಕೆ ಬೇಕಾದ ಕುದುರೆಗಳನ್ನು ಸಾಕಿ ಇಂಗ್ಲೆಂಡಿಗೆ ಮಾರುವುದು ದಂಪತಿಗಳ ಯೋಜನೆಯಾಗಿತ್ತು. ಅದು ನೆಲಕಚ್ಚಿತು. 1893ರಲ್ಲಿ ಅಮೇರಿಕಾವನ್ನೆಲ್ಲ ನಡುಗಿಸಿದ ಆರ್ಥಿಕ ಕುಸಿತವು ಅವರ ಕಷ್ಟವನ್ನು ಇಮ್ಮಡಿಗೊಳಿಸಿತು. ಬಂಗಲೆಯಲ್ಲಿ ಬೆಳೆದ ಎವೆಲಿನ್ ತಾವೇ ಹಸು ಕರೆದರು, ತರಕಾರಿ ಬೆಳೆದು ಮಾರಿದರು, ಸೌದೆ ಒಡೆದರು, ಕುದುರೆ ಪಳಗಿಸಿದರು. ಮನೆಯಲ್ಲಿ ಹಣ ಕೊಟ್ಟು ಉಳಿಯುವ ಅತಿಥಿಗಳಿಗೆ ಅಡುಗೆ ಮಾಡಿ ಬಡಿಸಿದರು. ಪತಿಯ ಆರೋಗ್ಯ ಅಷ್ಟಕ್ಕಷ್ಟೆ. ಅವರ ಮನಸ್ಸೆಲ್ಲ ಪಕ್ಷಿಗಳ ಅಧ್ಯಯನದಲ್ಲಿ. ಸಂಸಾರದ ನೊಗವನ್ನು ಬಹುಪಾಲು ಹೊತ್ತವರು ಪತ್ನಿಯೇ.

ಹಾಗೆ ಉಳಿದಿದ್ದ ಅತಿಥಿಯೊಬ್ಬರಿಗೆ ಛಾಯಾಗ್ರಹಣ ಗೊತ್ತಿತ್ತು. 1894ರಲ್ಲಿ ಅವರಿಂದ ಎವೆಲಿನ್ ಈ ವಿದ್ಯೆಯ ಮೊದಲ ಪಾಠ ಕಲಿತರು. ಅಂಚೆಯ ಮೂಲಕ ಒಂದು ಕ್ಯಾಮೆರಾ ತರಿಸಿಕೊಂಡರು. ಉಳಿದದ್ದನ್ನು ಕಲಿಸಿದವು ಸೋಲು, ಸಹನೆ ಮತ್ತು ಕೆಟ್ಟುಹೋದ ಫಲಕಗಳು.

ಜೇಬಿನಿಂದ ತೆಗೆದು ಗುಂಡಿಯೊತ್ತಿದರೆ ಚಿತ್ರ ಮೂಡುವ ಕಾಲ ನಮ್ಮದು. ಅಂದಿನ ಪರಿಯೇ ಬೇರೆ. ಬೆಳ್ಳಿಯ ಲವಣವನ್ನು ಲೇಪಿಸಿದ ಗಾಜಿನ ಫಲಕವೇ ಚಿತ್ರದ ನೆಲೆ. ಒಂದೊಂದು ಚಿತ್ರಕ್ಕೂ ಒಂದೊಂದು ಫಲಕ. ಭಾರವಾದ ಪೆಟ್ಟಿಗೆ, ಮುಕ್ಕಾಲಿ, ಫಲಕಗಳು, ಎಲ್ಲವನ್ನೂ ತಡಿಗೆ ಕಟ್ಟಿಕೊಂಡು ಹತ್ತಾರು ಮೈಲಿ ಕುದುರೆಯ ಮೇಲೆ ಹೋಗಬೇಕು. ದಾರಿಯಲ್ಲಿ ಕುದುರೆ ಬೆದರಿದರೆ ದಿನದ ಶ್ರಮವೆಲ್ಲ ಚೂರುಚೂರು. ಮನೆಗೆ ಮರಳಿ, ದನಕರುಗಳ ಕೆಲಸ ಮುಗಿಸಿ, ಊಟವಾದ ಮೇಲೆ ಕತ್ತಲ ಕೋಣೆಯಲ್ಲಿ ರಾಸಾಯನಿಕಗಳಲ್ಲಿ ಅದ್ದಿ ಚಿತ್ರವನ್ನು ಬರಿಸಬೇಕು. ಫಲಕ ತೊಳೆಯಲು ಹೊತ್ತು ತಂದ ನೀರೇ ಗತಿ. ಚಳಿಗಾಲದಲ್ಲಿ ಅಲ್ಲಿ ಉಷ್ಣಾಂಶವು ಶೂನ್ಯಕ್ಕಿಂತ 40 ಡಿಗ್ರಿ ಕೆಳಗೆ ಇಳಿಯುವುದುಂಟು. 1905ರಲ್ಲಿ ಅವರು 5×7 ಅಂಗುಲದ ಚಿತ್ರ ತೆಗೆಯುವ ಗ್ರಾಫ್ಲೆಕ್ಸ್ ಎಂಬ ಉತ್ತಮ ಕ್ಯಾಮೆರಾವನ್ನು ಕೊಂಡರು. ನೆರೆಹೊರೆಯವರ ಭಾವಚಿತ್ರಗಳನ್ನು ತೆಗೆದು ಒಂದಕ್ಕೆ 25 ಸೆಂಟಿನಂತೆ ಮಾರಿದರು. ಆ ಪುಡಿಗಾಸು ಎಷ್ಟೋ ಸಲ ಮನೆಯ ಖರ್ಚಿಗೆ ಆಧಾರವಾಯಿತು.

ಹದ್ದಿನ ಗೂಡಿನ ಮುಂದೆ

ಎವೆಲಿನ್ ಅವರು ಆ ಸೀಮೆಗೆ ಬರುವ ಹೊತ್ತಿಗೆ ಅಲ್ಲಿಯ ಒಂದು ಮಹಾಪ್ರಾಣಿ ಕಣ್ಮರೆಯಾಗಿತ್ತು. ಉತ್ತರ ಅಮೇರಿಕಾದ ಹುಲ್ಲುಗಾವಲುಗಳಲ್ಲಿ ಒಂದು ಕಾಲಕ್ಕೆ ಕೋಟಿಗಳ ಲೆಕ್ಕದಲ್ಲಿ ಅಲೆಯುತ್ತಿದ್ದ ಬೈಸನ್ ಎಂಬ ಕಾಡುಕೋಣಗಳನ್ನು ಚರ್ಮದಾಸೆಗೆ ಕೊಂದು ಮುಗಿಸಲಾಗಿತ್ತು. 1881ರಲ್ಲಿ ಸಮೀಪದ ಮೈಲ್ಸ್ ಸಿಟಿಗೆ ರೈಲು ಬಂದಿತು. 1883ರ ಸುಮಾರಿಗೆ ಆ ಭಾಗದ ಕೊನೆಯ ದೊಡ್ಡ ಹಿಂಡು ನಾಶವಾಯಿತು. ಆ ಪ್ರಾಣಿಯನ್ನೇ ನಂಬಿ ಬದುಕಿದ್ದ ಮೂಲನಿವಾಸಿಗಳು ಅನ್ನವನ್ನೂ ನೆಲವನ್ನೂ ಒಟ್ಟಿಗೇ ಕಳೆದುಕೊಂಡರು. ಶತಮಾನ ಮುಗಿಯುವಷ್ಟರಲ್ಲಿ ಇಡೀ ದೇಶದಲ್ಲಿ ಕೆಲವೇ ನೂರು ಬೈಸನ್‌ಗಳು ಉಳಿದಿದ್ದವು. ಅದೇ ಪ್ರಾಣಿಯನ್ನು 2016ರಲ್ಲಿ ಅಮೇರಿಕಾವು ತನ್ನ ರಾಷ್ಟ್ರೀಯ ಸಸ್ತನಿಯೆಂದು ಘೋಷಿಸಿತು. ಕೊಂದು ಮುಗಿಸಿದ ಮೇಲೆ ಗೌರವಿಸುವ ಮನುಷ್ಯನ ರೀತಿಗೆ ಬೇರೆ ವ್ಯಾಖ್ಯಾನ ಬೇಕಿಲ್ಲ.

ಉಳಿದ ಜೀವಿಗಳನ್ನಾದರೂ ಸರಿಯಾಗಿ ಅರಿಯಬೇಕೆಂಬ ಹಂಬಲ ಇವೆನ್ ಅವರದು. ಎವೆಲಿನ್ ಅವರ ಕ್ಯಾಮೆರಾ ಆ ಹಂಬಲಕ್ಕೆ ಕಣ್ಣಾಯಿತು. ಬಂಗಾರದ ಹದ್ದು ಕಡಿದಾದ ದಿಬ್ಬಗಳ ಅಂಚಿನಲ್ಲಿ ಗೂಡು ಕಟ್ಟುತ್ತದೆ. ಆ ಗೂಡನ್ನು ಹುಡುಕಿ, ಕ್ಯಾಮೆರಾ ಹೊತ್ತು ದಿಬ್ಬ ಹತ್ತಿ, ಮತ್ತೆ ಮತ್ತೆ ಅದೇ ಗೂಡಿಗೆ ಹೋಗಿ, ಮರಿಗಳು ಬೆಳೆಯುವ ಪರಿಯನ್ನು ಅವರು ಚಿತ್ರಿಸಿದರು. ಅಮೇರಿಕಾದ ಪಕ್ಷಿತಜ್ಞರ ಸಂಘದ 'ದಿ ಆಕ್' ಎಂಬ ಪತ್ರಿಕೆಯಲ್ಲಿ ಇವೆನ್ ಅವರು ಮೊಂಟಾನಾದ ಬಂಗಾರದ ಹದ್ದನ್ನು ಕುರಿತು 1905 ಮತ್ತು 1908ರಲ್ಲಿಯೂ, ಅಲ್ಲಿಯ ಪಕ್ಷಿಸಂಕುಲವನ್ನು ಕುರಿತು 1907ರಲ್ಲಿಯೂ ಬರೆದರು. ಗಂಡ ಲೇಖನಿ ಹಿಡಿದರೆ ಹೆಂಡತಿ ಕ್ಯಾಮೆರಾ ಹಿಡಿದರು. ಹೀಗೆ ಇಬ್ಬರ ಶ್ರಮವೂ ಸೇರಿ ವಿದ್ಯೆಯಾಯಿತು.

ಆ ಕಾಲದಲ್ಲಿ ತೋಳವೆಂದರೆ ದನಗಾರರಿಗೆ ಕಡುವೈರಿ. ಒಂದೊಂದು ತೋಳವನ್ನು ಕೊಂದವರಿಗೂ ಸರಕಾರವೇ ಬಹುಮಾನ ಕೊಡುತ್ತಿತ್ತು. ಬೇಟೆನಾಯಿಗಳನ್ನು ಕಟ್ಟಿಕೊಂಡು ತೋಳ ಬೇಟೆಯನ್ನೇ ಜೀವನೋಪಾಯ ಮಾಡಿಕೊಂಡಿದ್ದವರನ್ನೂ ಎವೆಲಿನ್ ಚಿತ್ರಿಸಿದ್ದಾರೆ. ಅದೇ ಎವೆಲಿನ್ ಎರಡು ತೋಳದ ಮರಿಗಳನ್ನು ಮನೆಯಲ್ಲಿ ಸಾಕಿ ಬೆಳೆಸಿದರು. ಊರೆಲ್ಲ ವೈರಿಯೆಂದು ಎಣಿಸಿದ ಪ್ರಾಣಿಯ ಮರಿಗೆ ಅನ್ನವಿಟ್ಟು ಸಾಕುವುದು ಸಣ್ಣ ಮಾತಲ್ಲ. ಮುಂದೆ ಕೆಲವೇ ದಶಕಗಳಲ್ಲಿ ಆ ಸೀಮೆಯಲ್ಲೆಲ್ಲ ತೋಳಗಳು ನಿರ್ನಾಮವಾದವು. ಹುಲ್ಲೆಗಳ ಸಂಖ್ಯೆ ಮಿತಿಮೀರಿ, ಗಿಡಮರಗಳ ಚಿಗುರೂ ಉಳಿಯದಂತಾದ ಮೇಲೆ ಜನಕ್ಕೆ ತಪ್ಪಿನ ಅರಿವಾಯಿತು. 1995ರಲ್ಲಿ ಕೆನಡಾದಿಂದ ತೋಳಗಳನ್ನು ತಂದು ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ಬಿಡಬೇಕಾಯಿತು. ಸೃಷ್ಟಿಯ ಸರಪಣಿಯಲ್ಲಿ ಬೇಡವಾದ ಕೊಂಡಿಯೆಂಬುದೇ ಇಲ್ಲ ಎಂಬ ಮಾತು ಅಲ್ಲಿ ಹೀಗೆ ದುಬಾರಿ ಬೆಲೆ ತೆತ್ತು ಕಲಿತ ಪಾಠ.

ದನಗಾಹಿಗಳ ನಿಜವಾದ ಬದುಕು

ಕೌಬಾಯ್ ಎಂದೊಡನೆ ನಮ್ಮ ಯುವಕರ ಕಣ್ಣಮುಂದೆ ಸುಳಿಯುವುದು ಚಲನಚಿತ್ರದ ನಾಯಕ: ಅಗಲ ಅಂಚಿನ ಟೋಪಿ, ಸೊಂಟದಲ್ಲಿ ಎರಡು ಪಿಸ್ತೂಲು, ಬೆನ್ನಟ್ಟುವ ಖಳರು. ಎವೆಲಿನ್ ಅವರ ಚಿತ್ರಗಳಲ್ಲಿ ಕಾಣುವ ಕೌಬಾಯ್ ಬೇರೆಯೇ. ಅವನು ಕೂಲಿಗೆ ದುಡಿಯುವ ದನಗಾಹಿ. ತಿಂಗಳಿಗೆ 30-40 ಡಾಲರ್ ಸಂಬಳ. ನೆಲದ ಮೇಲೆ ನಿದ್ದೆ. ಹಗಲೆಲ್ಲ ಧೂಳು, ರಾತ್ರಿಯಲ್ಲಿ ಸರದಿಯ ಕಾವಲು. ಈ ಕಸುಬನ್ನು ಬಿಳಿಯರು ಕಲಿತದ್ದು ಮೆಕ್ಸಿಕೋದ ದನಗಾಹಿಗಳಿಂದ. ದನವನ್ನು ಹಿಡಿಯುವ ಹಗ್ಗಕ್ಕೆ ಇಂದಿಗೂ ಬಳಕೆಯಲ್ಲಿರುವ 'ಲಾಸೋ' ಎಂಬ ಹೆಸರು ಬಂದದ್ದು ಅವರ ಸ್ಪ್ಯಾನಿಷ್ ಭಾಷೆಯಿಂದಲೇ. ಗುಲಾಮಗಿರಿಯಿಂದ ಬಿಡುಗಡೆಯಾದ ಕರಿಯರೂ ದೊಡ್ಡ ಸಂಖ್ಯೆಯಲ್ಲಿ ಈ ಕಾಯಕದಲ್ಲಿದ್ದರು. ಚಲನಚಿತ್ರಗಳು ಬಹುಕಾಲ ಅವರನ್ನು ಮರೆತಿದ್ದವು.

ಅಂದು ಬಯಲಿಗೆ ಬೇಲಿ ಇರಲಿಲ್ಲ. ಹಲವು ಒಡೆಯರ ದನಗಳು ಒಟ್ಟಿಗೇ ಮೇಯುತ್ತಿದ್ದವು. ಆದ್ದರಿಂದ ಪ್ರತಿ ವಸಂತದಲ್ಲಿ ಎಲ್ಲ ದನಗಳನ್ನೂ ಒಂದೆಡೆ ಕೂಡಿಹಾಕಿ, ಯಾವ ಕರು ಯಾವ ತಾಯಿಯ ಹಿಂದಿದೆಯೆಂದು ನೋಡಿ, ಆ ಒಡೆಯನ ಗುರುತನ್ನು ಕಾಸಿದ ಕಬ್ಬಿಣದಿಂದ ಕರುವಿನ ಮೈಮೇಲೆ ಹಾಕುತ್ತಿದ್ದರು. ಒಬ್ಬೊಬ್ಬ ಸವಾರನೂ ದಿನಕ್ಕೆ ಹಲವು ಕುದುರೆಗಳನ್ನು ಬದಲಿಸುತ್ತಿದ್ದನು. ಅಡುಗೆಯ ಬಂಡಿಯೇ ಅವರ ಮನೆ; ಅಡುಗೆಯವನ ಮಾತಿಗೆ ಅಲ್ಲಿ ಮೇಸ್ತ್ರಿಯೂ ಎದುರಾಡುವಂತಿರಲಿಲ್ಲ. ಟೆಕ್ಸಾಸಿನ ಎಕ್ಸ್‌ಐಟಿ ಎಂಬ ಪ್ರಸಿದ್ಧ ದೊಡ್ಡ ಸಂಸ್ಥೆಯ ದನಗಳು ಸಹ ಮೇದು ಕೊಬ್ಬಲೆಂದು ದೇಶದ ದಕ್ಷಿಣದ ತುದಿಯಿಂದ ಈ ಸೀಮೆಗೆ ಬರುತ್ತಿದ್ದವು. ಎವೆಲಿನ್ ಈ ತಂಡಗಳ ಜೊತೆಯಲ್ಲಿಯೇ ಸವಾರಿ ಮಾಡಿ ಅವರ ಊಟ, ಕೆಲಸ, ವಿಶ್ರಾಂತಿಗಳನ್ನು ಕಂಡಂತೆ ಚಿತ್ರಿಸಿದರು. ಆ ಕಾಯಕವನ್ನು ಸ್ವತಃ ಬಲ್ಲ ಕಣ್ಣುಗಳು ಕಂಡ ಚಿತ್ರಗಳಾದ್ದರಿಂದಲೇ ಅವುಗಳಲ್ಲಿ ನಾಟಕವಿಲ್ಲ.

ಗಂಡಸರಷ್ಟೇ ಅಲ್ಲ, ಹೆಣ್ಣುಮಕ್ಕಳೂ ಆ ದುಡಿಮೆಯಲ್ಲಿದ್ದರು. ಕುದುರೆ ಪಳಗಿಸುವ, ದನ ಅಟ್ಟುವ, ಗುರುತು ಹಾಕುವ ಕೆಲಸಗಳನ್ನು ಗಂಡಸರಿಗೆ ಸರಿಮಿಗಿಲಾಗಿ ಮಾಡುತ್ತಿದ್ದ ಬಕ್ಲೀ ಸೋದರಿಯರನ್ನು ಎವೆಲಿನ್ ಚಿತ್ರಿಸಿದ್ದಾರೆ. ಮೊಂಟಾನಾದ ಇಂಥ ಹೆಣ್ಣುಮಕ್ಕಳನ್ನು ಕುರಿತು 1914ರಲ್ಲಿ ಇಂಗ್ಲೆಂಡಿನ 'ಕಂಟ್ರಿ ಲೈಫ್' ಪತ್ರಿಕೆಗೆ ಲೇಖನವನ್ನೂ ಬರೆದರು. ಆಗ ಹೆಂಗಸರು ಕುದುರೆಯ ಮೇಲೆ ಎರಡೂ ಕಾಲುಗಳನ್ನು ಒಂದೇ ಪಕ್ಕಕ್ಕೆ ಇಳಿಬಿಟ್ಟು ಕೂರಬೇಕೆಂಬುದು ಮರ್ಯಾದೆಯ ಲಕ್ಷಣ. ದಿನವಿಡೀ ಸವಾರಿ ಮಾಡಿ ದುಡಿಯುವವರಿಗೆ ಆ ಮರ್ಯಾದೆಯಿಂದ ಪ್ರಾಣಕ್ಕೇ ಅಪಾಯ. ಎವೆಲಿನ್ ಎರಡು ಭಾಗವಾಗಿ ಸೀಳಿದ ಲಂಗ ತೊಟ್ಟು ಗಂಡಸರಂತೆಯೇ ಸವಾರಿ ಮಾಡಿ ಮೈಲ್ಸ್ ಸಿಟಿಗೆ ಹೋದಾಗ, ಇನ್ನೊಮ್ಮೆ ಹೀಗೆ ಬಂದರೆ ಬಂಧಿಸಬೇಕಾಗುವುದೆಂಬ ಎಚ್ಚರಿಕೆ ಸಿಕ್ಕಿತಂತೆ. ಅವರು ತಮ್ಮ ಪದ್ಧತಿಯನ್ನು ಬಿಡಲಿಲ್ಲ. ಕಾಲಕ್ರಮದಲ್ಲಿ ಊರೇ ಬದಲಾಯಿತು. 1912ರಲ್ಲಿ ತೆಗೆದ ಒಂದು ಚಿತ್ರದಲ್ಲಿ ಅವರು ತಮ್ಮ ಕುದುರೆಯ ತಡಿಯ ಮೇಲೆ ನೆಟ್ಟಗೆ ನಿಂತಿದ್ದಾರೆ. ಆಗ ಅವರ ವಯಸ್ಸು ನಲವತ್ತು ದಾಟಿತ್ತು. 1904ರ ಇನ್ನೊಂದು ಚಿತ್ರದಲ್ಲಿ ಅವರೇ ತಮ್ಮ ಅಡುಗೆಮನೆಯಲ್ಲಿ ರೊಟ್ಟಿಯ ಹಿಟ್ಟು ನಾದುತ್ತಿದ್ದಾರೆ. ಎರಡು ಚಿತ್ರಗಳನ್ನೂ ಜೊತೆಗಿಟ್ಟು ನೋಡಿದರೆ ಅವರ ಬಾಳು ಪೂರ್ಣವಾಗಿ ಕಾಣುತ್ತದೆ.

ಬೇಲಿ ಬಂದ ಮೇಲೆ

1908ರ ಸುಮಾರಿಗೆ ಆ ಸೀಮೆಗೆ ಇನ್ನೊಂದು ರೈಲುಮಾರ್ಗ ಬಂದಿತು. 1909ರ ಕಾಯಿದೆಯು ಒಣಭೂಮಿಯಲ್ಲಿ ಸಾಗುವಳಿ ಮಾಡುವವರಿಗೆ 320 ಎಕರೆಯವರೆಗೆ ನೆಲ ಪಡೆಯುವ ಅವಕಾಶ ಕೊಟ್ಟಿತು. ಯೂರೋಪಿನಿಂದಲೂ ಅಮೇರಿಕಾದ ಇತರ ರಾಜ್ಯಗಳಿಂದಲೂ ರೈತರು ಗುಂಪುಗುಂಪಾಗಿ ಬಂದರು. ಮುಳ್ಳುತಂತಿಯ ಬೇಲಿಗಳು ಎದ್ದವು. ಹುಲ್ಲು ಬೆಳೆದಿದ್ದ ನೆಲ ನೇಗಿಲಿಗೆ ಸಿಕ್ಕಿತು. ಎಕ್ಸ್‌ಐಟಿಯಂಥ ದೊಡ್ಡ ಸಂಸ್ಥೆಗಳು ಅಲ್ಲಿಂದ ಕಾಲ್ತೆಗೆದವು. ಎವೆಲಿನ್ ಈ ಹೊಸಬರನ್ನೂ ಅಷ್ಟೇ ಪ್ರೀತಿಯಿಂದ ಚಿತ್ರಿಸಿದರು. ಹುಲ್ಲುಹೆಪ್ಪೆಯ ಗುಡಿಸಲ ಮುಂದೆ ನಿಂತ ಕುಟುಂಬ, ಮದುವೆಯ ದಿಬ್ಬಣ, ಕುರಿಯ ಉಣ್ಣೆ ಕತ್ತರಿಸುವ ಕೂಲಿಗಳು, ಮೊದಲ ಫಸಲಿನ ಮುಂದೆ ಹೆಮ್ಮೆಯಿಂದ ನಿಂತ ರೈತ. ಆದರೆ ಅದು ಮಳೆಯನ್ನೇ ನಂಬಿದ ನೆಲ. 1917ರಿಂದ ಮಳೆ ಕೈಕೊಟ್ಟಿತು. ಆಸೆಯಿಂದ ಬಂದಿದ್ದ ಸಾವಿರಾರು ಸಂಸಾರಗಳು ಕೈಸುಟ್ಟುಕೊಂಡು ಹಿಂದಿರುಗಿದವು. ಎಷ್ಟೋ ಮನೆಗಳವರು ಅಲ್ಲಿ ಬಾಳಿದ್ದರೆಂಬುದಕ್ಕೆ ಉಳಿದ ಸಾಕ್ಷಿ ಎವೆಲಿನ್ ಅವರು ತೆಗೆದ ಚಿತ್ರ ಮಾತ್ರ.

ಅಷ್ಟರಲ್ಲಿ ಅವರ ಸ್ವಂತ ಬಾಳಿಗೂ ಆಘಾತ ಒದಗಿತ್ತು. 1915ರಲ್ಲಿ ಇವೆನ್ ತೀರಿಕೊಂಡರು. ಮಕ್ಕಳಿರಲಿಲ್ಲ. ಬಂಧುಗಳಿದ್ದ ಇಂಗ್ಲೆಂಡಿಗೆ ಹಿಂದಿರುಗುವ ದಾರಿ ತೆರೆದೇ ಇತ್ತು. ಅವರು ಹೋಗಲಿಲ್ಲ. ದನಗಳನ್ನೂ ಹೊಲವನ್ನೂ ಒಬ್ಬರೇ ನೋಡಿಕೊಂಡು ಇನ್ನೂ ಹದಿಮೂರು ವರ್ಷ ಅಲ್ಲಿಯೇ ಬಾಳಿದರು. 1918ರಲ್ಲಿ ಅಮೇರಿಕಾದ ಪೌರತ್ವ ಪಡೆದರು. 1928ರ ಡಿಸೆಂಬರ್ ತಿಂಗಳಲ್ಲಿ ಅಪೆಂಡಿಕ್ಸಿನ ಶಸ್ತ್ರಚಿಕಿತ್ಸೆಯ ತರುವಾಯ ಹೃದಯ ನಿಂತು ಕಾಲವಾದರು. ಆಗ ಅವರಿಗೆ ಅರವತ್ತು ವರ್ಷ.

ನೆಲಮಾಳಿಗೆಯಲ್ಲಿ ಉಳಿದ ನಿಧಿ

1893ರಿಂದ ಸಾಯುವ ವರ್ಷದವರೆಗೂ ಎವೆಲಿನ್ ದಿನಚರಿ ಬರೆದಿದ್ದರು. ಒಟ್ಟು 35 ಸಂಪುಟಗಳು. ಹವೆ ಹೇಗಿತ್ತು, ಎಷ್ಟು ರೊಟ್ಟಿ ಬೇಯಿಸಿದೆ, ಯಾವ ಹಸು ಕರು ಹಾಕಿತು, ಎಷ್ಟು ಚಿತ್ರ ತೊಳೆದೆ ಎಂಬ ಸಣ್ಣಪುಟ್ಟ ವಿವರಗಳೇ ಅವುಗಳ ತುಂಬ. ಚಿತ್ರಗಳೂ ದಿನಚರಿಗಳೂ ಅವರ ಗೆಳತಿ ಜಾನೆಟ್ ವಿಲಿಯಮ್ಸ್ ಅವರ ವಶಕ್ಕೆ ಬಂದವು. ಜಾನೆಟ್ ಅವನ್ನು ಟೆರ್ರಿಯ ತಮ್ಮ ಮನೆಯ ನೆಲಮಾಳಿಗೆಯಲ್ಲಿಟ್ಟು ಅರ್ಧ ಶತಮಾನ ಕಾಪಾಡಿದರು. 1970ರ ದಶಕದ ಕೊನೆಯಲ್ಲಿ, ಪಶ್ಚಿಮದ ಬಯಲುಗಳಲ್ಲಿ ಬಾಳಿದ ಮಹಿಳೆಯರ ಚಿತ್ರಗಳನ್ನು ಅರಸುತ್ತ ಬಂದ ಡೊನ್ನಾ ಲೂಸಿ ಎಂಬ ಸಂಪಾದಕಿಗೆ ಈ ನಿಧಿ ದೊರೆಯಿತು. ಜಾನೆಟ್ ಅವರು ಆಗ ತೊಂಬತ್ತರ ಆಸುಪಾಸಿನ ವೃದ್ಧೆ. ಸುಮಾರು 1,800 ನೆಗೆಟಿವ್‌ಗಳು, ಸುಮಾರು 2,500 ಮುದ್ರಿತ ಚಿತ್ರಗಳು ಅಲ್ಲಿದ್ದವು. ಡೊನ್ನಾ ಲೂಸಿ ಅವರ ಪುಸ್ತಕವು 1990ರಲ್ಲಿ ಪ್ರಕಟವಾದ ಮೇಲೆ ಎವೆಲಿನ್ ಅವರ ಹೆಸರು ಲೋಕಕ್ಕೆ ತಿಳಿಯಿತು. ಅವರ ಸಂಗ್ರಹವು ಮೊಂಟಾನಾದ ಇತಿಹಾಸ ಸಂಸ್ಥೆಯಲ್ಲಿ ಸುರಕ್ಷಿತವಾಗಿದೆ. ಟೆರ್ರಿ ಊರಿನಲ್ಲಿಯೂ ಅವರ ಹೆಸರಿನ ಚಿತ್ರಶಾಲೆಯಿದೆ.

ಈ ವೃತ್ತಾಂತದಲ್ಲಿ ನಮ್ಮನ್ನು ಬಹಳವಾಗಿ ಚಿಂತನೆಗೆ ಹಚ್ಚಿದ್ದು ಜಾನೆಟ್ ಅವರ ಪಾತ್ರ. ಚಿತ್ರ ತೆಗೆದವರ ಕಾಯಕ ದೊಡ್ಡದು. ಯಾರ ಮೆಚ್ಚುಗೆಯನ್ನೂ ಬಯಸದೆ ಐವತ್ತು ವರ್ಷ ಅದನ್ನು ಕಾಪಾಡಿದವರ ನಿಷ್ಠೆ ಅದಕ್ಕಿಂತ ಸಣ್ಣದಲ್ಲ. ಕಲ್ಯಾಣದ ಕ್ರಾಂತಿಯ ಕಾಲದಲ್ಲಿ ಶರಣರು ವಚನದ ಕಟ್ಟುಗಳನ್ನು ಹೊತ್ತು ಕಾಡುಮೇಡುಗಳನ್ನು ದಾಟಿ ಕಾಪಾಡಿದರೆಂಬ ಪರಂಪರೆಯನ್ನು ಕೇಳಿ ಬೆಳೆದವರು ನಾವು. ಶತಮಾನಗಳ ತರುವಾಯ ಫ.ಗು. ಹಳಕಟ್ಟಿಯವರು ಮನೆಮನೆಗೆ ತಿರುಗಿ, ಜಗುಲಿಯ ಮೇಲಿದ್ದ ತಾಳೆಗರಿಗಳನ್ನು ಸಂಗ್ರಹಿಸಿ ಮುದ್ರಿಸದಿದ್ದರೆ ಇಂದು ನಮ್ಮ ಕೈಯಲ್ಲಿ ಏನಿರುತ್ತಿತ್ತು? ಕಾಪಾಡಿದವರೆಲ್ಲ ಬರೆದವರ ಸಹಭಾಗಿಗಳೇ.

ನಮ್ಮ ಓದುಗ ಕುಟುಂಬಗಳಲ್ಲಿಯೂ ಅಟ್ಟದ ಮೇಲಿನ ಪೆಟ್ಟಿಗೆಗಳಲ್ಲಿ ಅಜ್ಜ-ಮುತ್ತಜ್ಜಂದಿರ ಚಿತ್ರಗಳಿರಬಹುದು. ಹೊಲ, ಎತ್ತು, ಗಾಣ, ಮಗ್ಗ, ಮಠದ ಜಾತ್ರೆ, ಈಗ ಕಾಣಸಿಗದ ಹಕ್ಕಿಪಕ್ಷಿಗಳ ಮಾತುಗಳಿರುವ ಹಳೆಯ ಪತ್ರಗಳಿರಬಹುದು. ತೇವವೂ ಹುಳುವೂ ಅವನ್ನು ತಿನ್ನುವ ಮೊದಲೇ ಹೊರತೆಗೆಯಿರಿ. ಹಿರಿಯರು ಇನ್ನೂ ನಮ್ಮೊಡನಿರುವಾಗಲೇ ಪಕ್ಕದಲ್ಲಿ ಕುಳಿತು, ಚಿತ್ರದಲ್ಲಿರುವವರು ಯಾರು, ಯಾವ ಊರು, ಯಾವ ವರ್ಷವೆಂದು ಕೇಳಿ, ಹಿಂಬದಿಯಲ್ಲಿ ಸೀಸದ ಕಡ್ಡಿಯಿಂದ ಹಗುರವಾಗಿ ಬರೆದಿಡಿರಿ. ಮಕ್ಕಳಿಗೆ ಕ್ಯಾಮೆರಾ ಕೊಡಿಸಿದ್ದರೆ, ತಮ್ಮ ಮುಖವನ್ನಷ್ಟೇ ಅಲ್ಲದೆ ಹಿತ್ತಲ ಗೂಡನ್ನೂ, ಹೊಲದಲ್ಲಿ ದುಡಿಯುವ ಕೈಗಳನ್ನೂ ನೋಡಲು ಕಲಿಸಿರಿ. ಒಂದು ಪೀಳಿಗೆ ಕಂಡದ್ದನ್ನು ಮುಂದಿನ ಪೀಳಿಗೆಗೆ ಒಪ್ಪಿಸುವುದೂ ದಾಸೋಹವೇ ಎಂದು ನಾವು ಭಾವಿಸುತ್ತೇವೆ.